ನಾಲ್ಕು ಜಿಬಿ ರ‍್ಯಾಮ್‌ನ ತೆಳು ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬಹುದೇ?

ಪ್ರಶ್ನೆ: ನಾನು ಶಿರಸಿ ಸಮೀಪದ ಹೈಸ್ಕೂಲೊಂದರಲ್ಲಿ ಕನ್ನಡ ಶಿಕ್ಷಕಿ. 2017ರಲ್ಲಿ ಕೊಂಡ, ಒಂದೂಕಾಲು ಕಿಲೋ ತೂಕದ ತೆಳು ಲ್ಯಾಪ್‌ಟಾಪ್ ಇದೆ. ಇಂಟೆಲ್ ಐ5 7200ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 128 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 10 ಓಡುತ್ತಿದೆ, ಆದರೆ ತೀರಾ ನಿಧಾನ. 11ಕ್ಕೆ ಹೋಗಲು ನೋಡಿದರೆ ಈ ಪಿಸಿಗೆ ಆಗುವುದಿಲ್ಲ ಎನ್ನುತ್ತದೆ. ಅಂಗಡಿಯವರು ಇದನ್ನು ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದರು. ನನ್ನ ಕೆಲಸ ಇಷ್ಟೇ: ಪ್ರಶ್ನೆಪತ್ರಿಕೆ ಮತ್ತು ಟಿಪ್ಪಣಿ ಟೈಪ್ ಮಾಡುವುದು, ಮೇಲ್, ಯೂಟ್ಯೂಬ್, ಪಿಯುಸಿ ಓದುತ್ತಿರುವ ಮಗಳ ಆನ್‌ಲೈನ್ ಪಾಠ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ರಾಶಿ ಇವೆ. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡರೆ ಹೇಗೆ? ಯಾವುದನ್ನು ಹಾಕಬೇಕು? ಕನ್ನಡ ಟೈಪಿಂಗ್ ಏನಾಗುತ್ತದೆ?

ಉತ್ತರ: ಧಾರಾಳವಾಗಿ ಹಾಕಿಕೊಳ್ಳಿ. ಗುಜರಿಯ ಮಾತನ್ನು ಸದ್ಯಕ್ಕೆ ಬಿಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರನ್ನೋ ಅದರ ನಂತರದ್ದನ್ನೋ ಕೇಳುತ್ತದೆ. ನಿಮ್ಮದು ಏಳನೆಯದು, ಒಂದೇ ಒಂದು ಮೆಟ್ಟಿಲು ಕೆಳಗೆ. ಹಾಗೆಂದು ಅದು ಕೆಲಸಕ್ಕೆ ಬಾರದ್ದೇನಲ್ಲ. ಟೈಪಿಂಗ್, ಬ್ರೌಸಿಂಗ್, ವಿಡಿಯೊ ಪಾಠಕ್ಕೆ ಆ ಪ್ರೊಸೆಸರ್ ಇವತ್ತಿಗೂ ಸಾಕು. ನಿಮ್ಮ ಯಂತ್ರ ಏದುಸಿರು ಬಿಡುತ್ತಿರುವುದು ಪ್ರೊಸೆಸರಿನ ದೆಸೆಯಿಂದಲ್ಲ, ನಾಲ್ಕು ಜಿಬಿ ರ‍್ಯಾಮಿನಿಂದ.

ತೆಳು ಲ್ಯಾಪ್‌ಟಾಪ್‌ಗಳ ಕಷ್ಟ ಇರುವುದೂ ಇಲ್ಲೇ. ತೂಕ ಇಳಿಸಲು ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಎಷ್ಟೋ ಮಾದರಿಗಳಲ್ಲಿ ವೈ-ಫೈ ಚಿಪ್ಪಿನ ಗತಿಯೂ ಅದೇ. ದಪ್ಪ ಲ್ಯಾಪ್‌ಟಾಪಿನಲ್ಲಿ ಲಿನಕ್ಸಿಗೆ ಒಗ್ಗದ ವೈ-ಫೈ ಕಾರ್ಡ್ ಇದ್ದರೆ ಕಿತ್ತು ಬೇರೆ ಹಾಕಬಹುದು. ಇಲ್ಲಿ ಬಂದದ್ದನ್ನು ಕಟ್ಟಿಕೊಂಡೇ ಬಾಳಬೇಕು. ಆದ್ದರಿಂದ ನಿಮ್ಮ ಶ್ರಮದ ಮುಕ್ಕಾಲು ಪಾಲು ಇನ್‌ಸ್ಟಾಲ್ ಬಟನ್ ಒತ್ತುವ ಮೊದಲೇ ಖರ್ಚಾಗಲಿ. ಇನ್‌ಸ್ಟಾಲ್ ಎಂಬುದು ಅರ್ಧ ಗಂಟೆಯ ಕೆಲಸ, ಅದಕ್ಕೆ ನನ್ನ ಸಹಾಯವೂ ಬೇಕಿಲ್ಲ. ಅಂದಹಾಗೆ, ಕೆಲವು ತೆಳು ಮಾದರಿಗಳಲ್ಲಿ ಬೆಸುಗೆಯ ರ‍್ಯಾಮ್ ಜೊತೆಗೆ ಒಂದು ಖಾಲಿ ಸ್ಲಾಟೂ ಇರುತ್ತದೆ. ತಳಭಾಗದ ಸ್ಟಿಕ್ಕರ್ ಮೇಲಿನ ಪೂರ್ತಿ ಮಾದರಿ ಸಂಖ್ಯೆ ಹಾಕಿ ಹುಡುಕಿ ನೋಡಿ. ಸ್ಲಾಟ್ ಇದ್ದರೆ ಮೊದಲು ಅದಕ್ಕೆ ಹೊಂದುವ ಇನ್ನೊಂದು ರ‍್ಯಾಮ್ ಹಾಕಿಸಿ. ಅದಕ್ಕಿಂತ ಒಳ್ಳೆಯ ಖರ್ಚು ಈ ಯಂತ್ರದ ಮಟ್ಟಿಗೆ ಬೇರೆ ಇಲ್ಲ.

ಯಾವ ಲಿನಕ್ಸ್? ನಿಮಗೆ ನನ್ನ ಸಲಹೆ ಲಿನಕ್ಸ್ ಮಿಂಟ್ 22ನೇ ಸರಣಿಯ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. ಇದಕ್ಕೆ ಬುನಾದಿ ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿ, 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಕೆಳಗೆ ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ ಇರುವುದರಿಂದ ವಿಂಡೋಸ್ ಬಳಸಿದವರಿಗೆ ಕೈ ತಡಕಾಡುವುದಿಲ್ಲ. ಮಿಂಟ್‌ನವರು ಹೇಳುವ ಕನಿಷ್ಠ ರ‍್ಯಾಮ್ 2 ಜಿಬಿ, ಆರಾಮಕ್ಕೆ 4 ಜಿಬಿ. ನೀವು ಆ ಗೆರೆಯ ಮೇಲೇ ಇದ್ದೀರಿ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇದಕ್ಕಿಂತ ಹಗುರವಾದ ಹತ್ತಾರು ಹೆಸರು ಸಿಗುತ್ತವೆ: ಲುಬುಂಟು, ಆಂಟಿಎಕ್ಸ್, ಪಪ್ಪಿ. ಅತಿ ಹಗುರದ ಲಿನಕ್ಸ್ ಹುಡುಕುವುದು ಒಂದು ಗೀಳು, ಅದಕ್ಕೆ ಬಿದ್ದವರು ವಾರಕ್ಕೊಂದು ಹಾಕಿ ತೆಗೆಯುತ್ತಲೇ ಇರುತ್ತಾರೆ. ಒಂದು ಡೆಸ್ಕ್‌ಟಾಪಿಗೂ ಇನ್ನೊಂದಕ್ಕೂ ರ‍್ಯಾಮ್ ಬಳಕೆಯಲ್ಲಿ ಇರುವ ವ್ಯತ್ಯಾಸ ಕೆಲವು ನೂರು ಎಂಬಿ. ಬ್ರೌಸರಿನಲ್ಲಿ ಜಿಮೇಲ್ ಒಂದು ಟ್ಯಾಬ್, ಯೂಟ್ಯೂಬ್ ಒಂದು ಟ್ಯಾಬ್ ತೆರೆದರೆ ಆ ಉಳಿತಾಯ ಅಲ್ಲಿಗೆ ಮಂಗಮಾಯ. ಉಳಿಸಬೇಕಾದದ್ದು ಬ್ರೌಸರಿನಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ. 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಚಿಪ್ಪಿನ ಡಿಸ್ಕ್, ಇಂಟೆಲ್‌ನ ಅಗ್ಗದ ಆಟಮ್ ಪ್ರೊಸೆಸರ್ ಇರುವ ಯಂತ್ರ ಇದ್ದವರಿಗೆ ಈ ಮಾತು ಹೊಂದುವುದಿಲ್ಲ. ಅವುಗಳಲ್ಲಿ ಹಲವಕ್ಕೆ ಪ್ರೊಸೆಸರ್ 64 ಬಿಟ್, ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್ ಮಾತ್ರ 32 ಬಿಟ್. ಸಾಮಾನ್ಯ ಪೆನ್‌ಡ್ರೈವ್ ಬೂಟ್ ಆಗುವುದೇ ಇಲ್ಲ. ಅದು ಬೇರೆಯದೇ ಪಾಡು.

ಮೊದಲ ಕೆಲಸ ವಿಂಡೋಸ್ ಒಳಗೇ ಇದೆ. ನಿಮ್ಮ ಫೈಲುಗಳನ್ನೆಲ್ಲ ಒಂದು ಹೊರ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅದರಿಂದ ನಾಲ್ಕಾರು ಫೈಲ್ ತೆರೆದು ನೋಡಿ. ಡೆಸ್ಕ್‌ಟಾಪ್ ಮೇಲಿರುವುದನ್ನೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುವುದನ್ನೂ ಜನ ಮರೆಯುತ್ತಾರೆ. ಆಮೇಲೆ ಕನ್ನಡ ಶಿಕ್ಷಕಿಯಾದ ನಿಮಗೆ ಮಾತ್ರ ಅನ್ವಯಿಸುವ ಒಂದು ಮುಖ್ಯ ಕೆಲಸ: ಹಳೆಯ ನುಡಿ ಫೈಲುಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಾಯಿಸಿಕೊಳ್ಳಿ. ಅವು 'ನುಡಿ 01 ಇ'ಯಂಥ ಫಾಂಟಿನಲ್ಲಿ ಇದ್ದರೆ ಒಳಗಿರುವುದು ನಿಜವಾದ ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ತೊಡಿಸಿದ ಕನ್ನಡದ ರೂಪ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಬರುತ್ತದೆ, ಅದರಲ್ಲೇ ಮಾಡಿ.

ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹಳೆಯ ಫಾಂಟಿನಲ್ಲಿ 'ಸೂರ್ಯ', 'ಕಾರ್ಯ', 'ವರ್ಷ' ಬರೆಯುವಾಗ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು, ಆಮೇಲೆ ಉಳಿದ ವ್ಯಂಜನ. ಈ ಸ್ಥಾನ ಬದಲಾವಣೆಯಲ್ಲಿ ಪರಿವರ್ತಕಗಳು ಎಡವುವುದುಂಟು, ಅದರಲ್ಲೂ ಅರ್ಕಾವತ್ತಿನ ಜೊತೆ ಇನ್ನೊಂದು ಒತ್ತೂ ದೀರ್ಘವೂ ಸೇರಿಕೊಂಡಾಗ. ಪ್ರತಿ ಫೈಲನ್ನೂ ಓದಬೇಕಿಲ್ಲ. ಮುಂದೆ ಮತ್ತೆ ಬಳಸುವಂಥ ಪ್ರಶ್ನೆಪತ್ರಿಕೆಗಳನ್ನು ನೋಡಿದರೆ ಸಾಕು. ಮೂಲ ಫೈಲುಗಳನ್ನೂ ನುಡಿ ಫಾಂಟ್ ಫೈಲುಗಳನ್ನೂ ಬ್ಯಾಕಪ್‌ನಲ್ಲಿ ಹಾಗೇ ಇಟ್ಟುಕೊಳ್ಳಿ. ಆ ಫಾಂಟನ್ನು ಲಿನಕ್ಸಿನಲ್ಲಿ ಹಾಕಿದರೆ ಹಳೆಯ ಫೈಲನ್ನು ಓದಲು, ಪ್ರಿಂಟ್ ತೆಗೆಯಲು ಆಗುತ್ತದೆ.

ವಿಂಡೋಸ್ ಬಿಡುವ ಮುನ್ನ ತಯಾರಕರ ತಾಣದಿಂದ ಬಯಾಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಇದ್ದರೆ ಅದನ್ನೂ ಮುಗಿಸಿ, ಏಕೆಂದರೆ ಹಲವು ಕಂಪನಿಗಳು ಅದನ್ನು ವಿಂಡೋಸ್ ಪ್ರೋಗ್ರಾಂ ಆಗಿಯೇ ಕೊಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ಬಯಾಸ್ ಮುಟ್ಟಿದ ಕೂಡಲೇ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಮಿಂಟ್ ಹಾಕಲು ಬೇಕಾದ ಪೆನ್‌ಡ್ರೈವ್. 8 ಜಿಬಿಯದು ಸಾಕು. ಇಡೀ ಮಿಂಟ್ ಅಡಗಿರುವ ಐಎಸ್‌ಒ ಫೈಲ್ ಮೂರು ಜಿಬಿ ಹತ್ತಿರ ಇರುತ್ತದೆ. ಮಳೆಗಾಲದ ಮಲೆನಾಡಿನ ನೆಟ್‌ನಲ್ಲಿ ಅಷ್ಟು ದೊಡ್ಡ ಫೈಲ್ ಇಳಿಸುವಾಗ ನಡುವೆ ಹರಿದುಹೋಗುವುದು ಹೊಸದೇನಲ್ಲ. ಮಿಂಟ್ ತಾಣದಲ್ಲೇ ಕೊಟ್ಟಿರುವ ಶಾ256 ಮೊತ್ತದ (ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಅಕ್ಷರ ಸಾಲು) ಜೊತೆ ತಾಳೆ ನೋಡಿ, ಒಂದಕ್ಷರ ವ್ಯತ್ಯಾಸ ಇದ್ದರೂ ಮತ್ತೆ ಇಳಿಸಿ. ಅರ್ಧಂಬರ್ಧ ಫೈಲಿನಿಂದ ಹೊರಟವರು ಲಿನಕ್ಸನ್ನೇ ಬೈಯುವುದನ್ನು ಬೇಕಾದಷ್ಟು ಕೇಳಿದ್ದೇನೆ. ಪೆನ್‌ಡ್ರೈವಿಗೆ ಬರೆಯಲು ರೂಫಸ್ ಅಥವಾ ಬಲೇನಾ ಎಚರ್ ಎಂಬ ಪ್ರೋಗ್ರಾಂ ಬಳಸಿ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡುತ್ತಲೇ ಬೂಟ್ ಮೆನುವಿನ ಕೀ ಒತ್ತಬೇಕು. ಲೆನೊವೊ, ಡೆಲ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯಾಸ್‌ನಲ್ಲಿ ಚಾಲೂ ಮಾಡಬೇಕಾಗಬಹುದು. ಸೆಕ್ಯೂರ್ ಬೂಟ್ ಎಂಬ ಬಯಾಸ್ ಕಾವಲನ್ನು ಆಫ್ ಮಾಡಿ ಎಂದು ಹಳೆಯ ವಿಡಿಯೊಗಳು ಹೇಳುತ್ತವೆ. ಮಿಂಟ್‌ಗೆ ಅದರ ಅಗತ್ಯವಿಲ್ಲ, ಮೊದಲು ಆನ್ ಇಟ್ಟೇ ನೋಡಿ.

ಪೆನ್‌ಡ್ರೈವಿನಿಂದ ಮಿಂಟ್ ತೆರೆದುಕೊಂಡಾಗ ಡಿಸ್ಕಿಗೆ ಇನ್ನೂ ಏನೂ ಆಗಿರುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಇನ್‌ಸ್ಟಾಲ್ ಎಂಬ ಐಕಾನ್ ಕಣ್ಣಿಗೆ ಹೊಡೆಯುತ್ತದೆ. ಅದನ್ನು ಒಂದು ಸಂಜೆಯ ಮಟ್ಟಿಗೆ ಮುಟ್ಟಬೇಡಿ.

ಮೊದಲು ವೈ-ಫೈ. ಮೂಲೆಯ ನೆಟ್‌ವರ್ಕ್ ಗುರುತು ಒತ್ತಿದರೆ ನಿಮ್ಮ ಮನೆಯ ಹೆಸರು ಕಾಣಬೇಕು. ಇಂಟೆಲ್ ಅಥವಾ ಅಥೆರೋಸ್ ಚಿಪ್ ಇದ್ದರೆ ಬಹುತೇಕ ಕಾಣುತ್ತದೆ. ಹಳೆಯ ಮ್ಯಾಕ್‌ಬುಕ್ ಏರ್‌ಗಳಲ್ಲಿ, ಕೆಲವು ಅಗ್ಗದ ಮಾದರಿಗಳಲ್ಲಿ ಬ್ರಾಡ್‌ಕಾಮ್ ಚಿಪ್ ಇರುತ್ತದೆ. ಅದಕ್ಕೆ ಡ್ರೈವರ್ ಬೇರೆ ಹಾಕಬೇಕು, ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್. ಯುಎಸ್‌ಬಿ ಕೇಬಲ್ ಸಿಕ್ಕಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದು ತಕ್ಷಣ ಹಿಡಿದುಕೊಳ್ಳುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರನ್ನು ಅದೇ ತೋರಿಸುತ್ತದೆ.

ವೈ-ಫೈ ಹತ್ತಿದ ಮೇಲೆ ಯೂಟ್ಯೂಬಿನಲ್ಲಿ ಒಂದು ಪಾಠ ಹಾಕಿ ಸ್ಪೀಕರ್ ಕೇಳಿ, ಇಯರ್‌ಫೋನ್ ಸಿಕ್ಕಿಸಿ ಸದ್ದು ಅದಕ್ಕೆ ಹೋಯಿತೇ ನೋಡಿ. ಬ್ರೈಟ್‌ನೆಸ್ ಕೀ, ವಾಲ್ಯೂಮ್ ಕೀ ಒತ್ತಿ. ಟಚ್‌ಪ್ಯಾಡಿನ ಮೇಲೆ ಎರಡು ಬೆರಳು ಜಾರಿಸಿ ಪುಟ ಸರಿಯಿತೇ ಗಮನಿಸಿ. ಮಗಳ ಪಾಠಕ್ಕೆ ಬಳಸುವ ತಾಣವನ್ನೇ ತೆರೆದು ಕ್ಯಾಮೆರಾ, ಮೈಕ್ ಪರೀಕ್ಷಿಸಿ.

ಕೊನೆಗೆ ನಿದ್ದೆಯ ಪರೀಕ್ಷೆ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ. ಸ್ಕ್ರೀನ್ ಬರಬೇಕು, ವೈ-ಫೈ ಮತ್ತೆ ಹತ್ತಬೇಕು, ಟಚ್‌ಪ್ಯಾಡ್ ಕೆಲಸ ಮಾಡಬೇಕು. ಮುಚ್ಚಿದಾಗ ಕೆಳಭಾಗ ಬೆಚ್ಚಗೆ ಇತ್ತೆಂದರೆ ಯಂತ್ರ ನಿಜವಾಗಿ ಮಲಗಿಲ್ಲ ಎಂದೇ ಅರ್ಥ. ನಿಮ್ಮ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಎಂಬ ಹಳೆಯ ಕ್ರಮದ ಗಾಢ ನಿದ್ದೆ ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ ರ‍್ಯಾಮ್ ಬಿಟ್ಟು ಬೇರೆಲ್ಲಕ್ಕೂ ವಿದ್ಯುತ್ ನಿಲ್ಲುತ್ತದೆ, ರಾತ್ರಿಯಿಡೀ ಬ್ಯಾಟರಿ ಅಷ್ಟಾಗಿ ಇಳಿಯುವುದಿಲ್ಲ. ಆಮೇಲೆ ಬಂದ ತೆಳು ಯಂತ್ರಗಳು ಫೋನಿನ ಹಾಗೆ ಅರೆನಿದ್ದೆಯ ಕಡೆಗೆ ಹೊರಳಿದವು. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನ 2018ರ ಆರನೇ ಪೀಳಿಗೆ ಎಸ್3 ಇಲ್ಲದೆಯೇ ಬಂತು. ಲಿನಕ್ಸ್ ಬಳಕೆದಾರರ ಬ್ಯಾಟರಿ ಚೀಲದಲ್ಲೇ ಖಾಲಿಯಾಗತೊಡಗಿ ಗಲಾಟೆಯಾದ ಮೇಲೆ ಲೆನೊವೊ ಬಯಾಸ್ ಅಪ್‌ಡೇಟಿನಲ್ಲಿ ಸ್ಲೀಪ್ ಸ್ಟೇಟ್ ಎಂಬಲ್ಲಿ 'ಲಿನಕ್ಸ್' ಎಂಬ ಆಯ್ಕೆಯನ್ನೇ ಸೇರಿಸಿತು. ಅಂಥ ಆಯ್ಕೆ ಬಯಾಸ್‌ನಲ್ಲಿ ಕಂಡರೆ ಅದನ್ನೇ ಆರಿಸಿಕೊಳ್ಳಿ.

ತೆಳು ಲ್ಯಾಪ್‌ಟಾಪಿಗೂ ಲಿನಕ್ಸಿಗೂ ಆಗಿಬರುವುದಿಲ್ಲ ಎಂಬ ಅನುಮಾನ ಇದ್ದರೆ ಒಂದು ಮಾತು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ 2022ರ ಜುಲೈ ಕೊನೆಯಲ್ಲಿ ಅದರ ತಿರುಳಾದ ಕರ್ನಲ್‌ನ 5.19ನೇ ಆವೃತ್ತಿ ಬಿಡುಗಡೆ ಮಾಡಿದ್ದು ಮ್ಯಾಕ್‌ಬುಕ್ ಏರ್ ಮೇಲೆ ಆಪಲ್ ಚಿಪ್ಪಿಗೆಂದೇ ಮಾಡಿದ ಅಸಾಹಿ ಲಿನಕ್ಸ್ ಓಡಿಸುತ್ತಾ. ಪ್ರಯಾಣಕ್ಕೆ ಹಗುರವಾದದ್ದು ಬೇಕು ಎಂಬುದು ಅವರಿಗೂ ಇದ್ದ ಆಸೆ.

ಪರೀಕ್ಷೆಯೆಲ್ಲ ಪಾಸಾಯಿತು ಅಂದುಕೊಳ್ಳೋಣ. ಈಗ ಒಂದು ತೀರ್ಮಾನ: ವಿಂಡೋಸನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕೇ? ಎರಡನ್ನೂ ಇಟ್ಟುಕೊಳ್ಳುವುದು ಜಾಣತನದಂತೆ ಕಾಣುತ್ತದೆ. 128 ಜಿಬಿ ಡಿಸ್ಕಿನಲ್ಲಿ ಎರಡಕ್ಕೂ ಉಸಿರು ಕಟ್ಟುತ್ತದೆ. ಮೇಲಾಗಿ 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್, ಎರಡೂ ಇದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗದಂತೆ ಮಾಡಿತು. ಸಣ್ಣ ತರಲೆ ಇನ್ನೊಂದಿದೆ: ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ನಮ್ಮಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪುತ್ತದೆ.

ಹಾಗಾದರೆ ವಿಂಡೋಸ್ ಯಾರಿಗೆ ಬೇಕು? ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿಗೆ, ಪೇಜ್‌ಮೇಕರಿನಲ್ಲಿ ಡಿಟಿಪಿ ಮಾಡುವವರಿಗೆ. ಮಗಳಿಗೆ ಮುಂದೆ ಸೇಫ್ ಎಕ್ಸಾಮ್ ಬ್ರೌಸರಿನಲ್ಲಿ ಪರೀಕ್ಷೆ ಬರೆಯಬೇಕಾಗಿ ಬಂದರೆ ಅದು ವಿಂಡೋಸ್ ಮತ್ತು ಆಪಲ್ ಯಂತ್ರಗಳಿಗೆ ಮಾತ್ರ ಇರುವಂಥದ್ದು. ಆ ದಿನಕ್ಕೆ ಬೇರೆ ಯಂತ್ರ ಹುಡುಕಬೇಕು. ನೀವು ಬರೆದ ಕೆಲಸಗಳಲ್ಲಿ ಇವ್ಯಾವುವೂ ಇಲ್ಲ. ಆದ್ದರಿಂದ ಬ್ಯಾಕಪ್ ಖಾತ್ರಿಯಾದ ಮೇಲೆ ಪೂರ್ತಿ ಅಳಿಸಿ ಮಿಂಟ್ ಒಂದನ್ನೇ ಹಾಕಿ ಎಂದೇ ಹೇಳುತ್ತೇನೆ.

ಇನ್‌ಸ್ಟಾಲ್ ಶುರು ಮಾಡಿದಾಗ ಡಿಸ್ಕ್ ಕಾಣಿಸದೆ, ಆರ್‌ಎಸ್‌ಟಿ ಆಫ್ ಮಾಡಿ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಇಂಟೆಲ್‌ನ ಡಿಸ್ಕ್ ನಿಯಂತ್ರಣ ರೇಡ್ ಕ್ರಮದಲ್ಲಿದೆ ಎಂದಷ್ಟೇ ಅದರ ಅರ್ಥ. ಬಯಾಸ್‌ಗೆ ಹೋಗಿ ಸಾಟಾ ಮೋಡ್ ಎಂಬಲ್ಲಿ ಎಎಚ್‌ಸಿಐ ಆರಿಸಿ. ಹೀಗೆ ಮಾಡಿದರೆ ಹಳೆಯ ವಿಂಡೋಸ್ ಬೂಟ್ ಆಗದೆ ಹೋಗಬಹುದು, ಹೇಗೂ ಅದನ್ನು ಅಳಿಸುತ್ತಿದ್ದೀರಿ. ಅದನ್ನು ಉಳಿಸಿಕೊಳ್ಳುವವರು ಮಾತ್ರ ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಗೊತ್ತುಮಾಡಿ ಆಮೇಲೆ ಬಯಾಸ್ ಬದಲಿಸಬೇಕು.

ಉಳಿದದ್ದು ಸಲೀಸು. ವಿಡಿಯೊ, ಹಾಡು ಓಡಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್ ಎಂಬಲ್ಲಿ ಟಿಕ್ ಹಾಕಿ. ಭಾಷೆ ಕೇಳಿದಾಗ ಕನ್ನಡವೂ ಪಟ್ಟಿಯಲ್ಲಿದೆ, ಆದರೆ ಮೆನುಗಳ ಅನುವಾದ ಅಲ್ಲಲ್ಲಿ ಅರೆಬರೆ. ಏನಾದರೂ ಕೆಟ್ಟಾಗ ಸಂದೇಶವನ್ನು ಹುಡುಕಿ ನೋಡಲು ಇಂಗ್ಲಿಷ್ ಮೆನುವೇ ಅನುಕೂಲ. ಕನ್ನಡ ಬರೆಯುವುದಕ್ಕೂ ಓದುವುದಕ್ಕೂ ಇದರಿಂದ ಏನೂ ಅಡ್ಡಿಯಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಸಿಗುತ್ತದೆ. ಬಸ್ಸಿನಲ್ಲಿ ಓಡಾಡುವ ಲ್ಯಾಪ್‌ಟಾಪಿಗೆ ಅದು ಒಳ್ಳೆಯದೇ, ಆದರೆ ಆ ಪಾಸ್‌ವರ್ಡ್ ಮರೆತರೆ ಯಾರಿಂದಲೂ ಫೈಲು ತೆಗೆಯಲಾಗದು. ಸಮಯ ವಲಯಕ್ಕೆ ಕೋಲ್ಕತಾ ಆರಿಸಿ, ನಮ್ಮೆಲ್ಲರಿಗೂ ಅದೇ.

ಮೊದಲ ಸಲ ಲಾಗಿನ್ ಆದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಆಮೇಲೆ ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಒಂದು ನಕಲು ತೆಗೆದಿಡಿ. ಮುಂದೆ ಯಾವುದಾದರೂ ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಡಿಸ್ಕ್ ಚಿಕ್ಕದು, ಹಾಗಾಗಿ ಎರಡು ನಕಲಿಗಿಂತ ಹೆಚ್ಚು ಇಡಬೇಡಿ. ಟೈಮ್‌ಶಿಫ್ಟ್ ನಿಮ್ಮ ಸ್ವಂತ ಫೈಲುಗಳನ್ನು ಕಾಯುವುದಿಲ್ಲ, ಅವಕ್ಕೆ ಹೊರ ಡಿಸ್ಕೇ ಗತಿ.

ಈಗ ರ‍್ಯಾಮಿನ ವಿಚಾರ. ತಂತ್ರಾಂಶ ಹುಡುಕಿ ಹಾಕುವ ಸಿನಾಪ್ಟಿಕ್ ತೆರೆದು ಝಡ್‌ರ‍್ಯಾಮ್ ಕಾನ್ಫಿಗ್ (zram-config) ಎಂಬ ಪ್ಯಾಕೇಜ್ ಹುಡುಕಿ ಹಾಕಿ ರೀಸ್ಟಾರ್ಟ್ ಮಾಡಿ. ರ‍್ಯಾಮ್ ತುಂಬುತ್ತ ಬಂದಾಗ ಸಾಮಾನ್ಯ ವ್ಯವಸ್ಥೆ ಹೆಚ್ಚುವರಿ ಮಾಹಿತಿಯನ್ನು ಡಿಸ್ಕಿಗೆ ಸಾಗಿಸುತ್ತದೆ. ರ‍್ಯಾಮಿನ ವೇಗಕ್ಕೆ ಹೋಲಿಸಿದರೆ ಡಿಸ್ಕ್ ಬಹಳ ನಿಧಾನ. ಝಡ್‌ರ‍್ಯಾಮ್ ಅದನ್ನು ಡಿಸ್ಕಿಗೆ ಕಳಿಸದೆ ಸುರುಳಿ ಸುತ್ತಿದ ಚಾಪೆಯಂತೆ ಕುಗ್ಗಿಸಿ ರ‍್ಯಾಮಿನ ಒಂದು ಮೂಲೆಯಲ್ಲೇ ಇಡುತ್ತದೆ. ಕುಗ್ಗಿಸಿ ಬಿಚ್ಚುವ ಕೆಲಸ ಪ್ರೊಸೆಸರಿನದು, ನಿಮ್ಮ ಪ್ರೊಸೆಸರ್ ಹೇಗೂ ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ 2020ರ 33ನೇ ಆವೃತ್ತಿಯಿಂದ ಇದನ್ನು ಎಲ್ಲರಿಗೂ ತಾನಾಗಿಯೇ ಕೊಡುತ್ತಿದೆ. ನಾಲ್ಕು ಜಿಬಿ ಯಂತ್ರಕ್ಕೆ ಇದೊಂದನ್ನು ಮಾಡದೆ ಬಿಡಬೇಡಿ.

ಬ್ರೌಸರಿಗೆ ಫೈರ್‌ಫಾಕ್ಸೇ ಇರಲಿ. ಅದರಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ. ಜಾಹೀರಾತು ನಿಂತರೆ ಕಣ್ಣಿಗೂ ಹಿತ, ರ‍್ಯಾಮಿಗೂ ಹಿತ. ಯೂಟ್ಯೂಬ್ ನೋಡುವಾಗ ಲ್ಯಾಪ್‌ಟಾಪ್ ಕಾದು ಫ್ಯಾನ್ ಕೂಗತೊಡಗಿದರೆ ಕಾರಣ ಹೆಚ್ಚಾಗಿ ಎವಿ1 ಎಂಬ ವಿಡಿಯೊ ಕ್ರಮ. ನಿಮ್ಮ ಏಳನೇ ಪೀಳಿಗೆಯ ಇಂಟೆಲ್‌ನಲ್ಲಿ ಎಚ್.264 ಮತ್ತು ವಿಪಿ9 ವಿಡಿಯೊ ಬಿಚ್ಚಲು ಪ್ರತ್ಯೇಕ ಯಂತ್ರಾಂಶ ಇದೆ, ಎವಿ1ಗೆ ಇಲ್ಲ. ಯೂಟ್ಯೂಬ್ ಎವಿ1 ಕಳಿಸಿದರೆ ಅಷ್ಟೂ ಹೊರೆ ಪ್ರೊಸೆಸರಿನ ತಲೆಗೆ. ಫೈರ್‌ಫಾಕ್ಸಿನ ವಿಳಾಸ ಪಟ್ಟಿಯಲ್ಲಿ ಅಬೌಟ್ ಕಾನ್ಫಿಗ್ (about:config) ತೆರೆದು, ಹುಡುಕುವ ಜಾಗದಲ್ಲಿ ಎವಿ1 ಎಂದು ಹಾಕಿದರೆ ಅದನ್ನು ಆನ್-ಆಫ್ ಮಾಡುವ ಸಾಲು ಸಿಗುತ್ತದೆ. ಆಫ್ ಮಾಡಿ. ಯೂಟ್ಯೂಬ್ ವಿಪಿ9 ಕಳಿಸುತ್ತದೆ, ಫ್ಯಾನ್ ತಣ್ಣಗಾಗುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಬ್ಯಾಟರಿಯ ಮಾತು ಬಂದಾಗ ಒಂದು ಎಚ್ಚರಿಕೆ. ಇಷ್ಟು ವರ್ಷದ ತೆಳು ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಒತ್ತಿದಾಗ ಟಿಕ್ ಎನ್ನದಿದ್ದರೆ, ಅಥವಾ ಮೇಜಿನ ಮೇಲಿಟ್ಟಾಗ ಯಂತ್ರ ಅಲ್ಲಾಡಿದರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಮಾಡುವುದನ್ನು ನಿಲ್ಲಿಸಿ ಬೇರೆ ಬ್ಯಾಟರಿ ಹಾಕಿಸಿ. ಯಾವ ಲಿನಕ್ಸೂ ಅದನ್ನು ಸರಿಮಾಡದು.

ಇನ್ನು ಕನ್ನಡ. ಸಿನಾಪ್ಟಿಕ್‌ನಲ್ಲಿ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್ (ibus) ಮತ್ತು ಐಬಸ್ ಎಂ17ಎನ್ (ibus-m17n) ಎರಡನ್ನೂ ಹಾಕಿ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಸೇರಿಸಲು ಹೋದರೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮುಂತಾದ ಹೆಸರು ಕಾಣುತ್ತವೆ. ನಿಮಗೆ ಬೇಕಾದದ್ದು ಕೆಜಿಪಿ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ನಿಮ್ಮ ಬೆರಳಿಗೆ ಅಭ್ಯಾಸವಾಗಿರುವ ಕೀಲಿಮಣೆಯೇ ಅದು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ, 'ಕನ್ನಡ' ಎಂದು ಮೂಡಬೇಕು. ಇಂಗ್ಲಿಷಿಗೆ ಹೋಗಿ ಬರಲು ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್ ಒತ್ತಿದರಾಯಿತು. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಗಪ ಎಂಬ ಹೆಸರಿನ ಇನ್ನೊಂದು ಲೇಔಟ್ ಕೂಡ ಇದೆ. ಐಬಸ್ ಇಲ್ಲದೆಯೂ ಅದು ಓಡುತ್ತದೆ, ಆದರೆ ಅಲ್ಲಿ ಸ್ವರಾಕ್ಷರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಕೀ. ನುಡಿಯ ಕೈಗೆ ಅದು ಕಿರಿಕಿರಿ, ಐಬಸ್‌ನದೇ ಇರಲಿ.

ಫಾಂಟಿಗೆ ನೋಟೋ ಕನ್ನಡ ಇದ್ದೇ ಇರುತ್ತದೆ. ಅದರ ಜೊತೆ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಫಾಂಟುಗಳೂ ಸಿನಾಪ್ಟಿಕ್‌ನಲ್ಲೇ ಸಿಗುತ್ತವೆ. ವರ್ಡ್‌ನಂತೆ ಬರೆಯಲು ಬಳಸುವ ಲಿಬ್ರೆಆಫೀಸ್‌ನಲ್ಲಿ ಬರೆಯುವಾಗ ಹೊಸಬರನ್ನು ಕಾಡುವುದು ಇದು: ಅಕ್ಷರದ ಗಾತ್ರ 14 ಎಂದು ಇಟ್ಟು ಟೈಪ್ ಮಾಡಿದರೆ ಕನ್ನಡ ಮಾತ್ರ ಬೇರೆ ಗಾತ್ರದಲ್ಲಿ ಬರುತ್ತದೆ. ಲಿಬ್ರೆಆಫೀಸ್ ಇಂಗ್ಲಿಷಿಗೂ ಭಾರತೀಯ ಲಿಪಿಗಳಿಗೂ ಎರಡು ಬೇರೆ ಫಾಂಟ್ ಲೆಕ್ಕ ಇಟ್ಟುಕೊಂಡಿರುವುದೇ ಇದಕ್ಕೆ ಕಾರಣ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಎಂಬಲ್ಲಿಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದನ್ನು ಆನ್ ಮಾಡಿ ಕನ್ನಡ ಆರಿಸಿ. ಆಮೇಲೆ ರೈಟರ್ ವಿಭಾಗದ ಸಿಟಿಎಲ್ ಫಾಂಟ್ ಎಂಬಲ್ಲಿ ಬೇಕಾದ ಫಾಂಟೂ ಗಾತ್ರವೂ ಒಮ್ಮೆ ಗೊತ್ತುಮಾಡಿದರೆ ಪ್ರತಿ ಹೊಸ ಪ್ರಶ್ನೆಪತ್ರಿಕೆಯೂ ಹಾಗೇ ತೆರೆದುಕೊಳ್ಳುತ್ತದೆ. ಪ್ರಿಂಟಿಗೆ ಹೊರಗೆ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ. ಅಂಗಡಿಯ ಯಂತ್ರದಲ್ಲಿ ನಿಮ್ಮ ಫಾಂಟ್ ಇರುತ್ತದೆ ಎಂಬ ಭರವಸೆಯಿಲ್ಲ.

ಮನೆಯಲ್ಲೋ ಶಾಲೆಯಲ್ಲೋ ಪ್ರಿಂಟರ್ ಇದ್ದರೆ ಅದರ ಮಾದರಿಯನ್ನು ಈಗಲೇ ನೋಡಿಟ್ಟುಕೊಳ್ಳಿ. ವೈ-ಫೈ ಇರುವ ಈಚಿನ ಪ್ರಿಂಟರುಗಳು ಬಹುಮಟ್ಟಿಗೆ ಡ್ರೈವರ್ ಇಲ್ಲದೆಯೇ ಕೆಲಸ ಮಾಡುತ್ತವೆ. ಹಳೆಯ ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಎಚ್‌ಪಿಲಿಪ್ ಎಂಬ ತಂತ್ರಾಂಶದ ಜೊತೆ ಒಂದು ಪ್ಲಗಿನ್ ಇಳಿಸಬೇಕು, ಆಮೇಲೆ ತೊಂದರೆಯಿಲ್ಲ. ನಮ್ಮ ಕಚೇರಿ, ಶಾಲೆಗಳಲ್ಲಿ ಎಲ್ಲೆಡೆ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸಿಗೆ ಬಗ್ಗುವುದು ಕಷ್ಟ. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ, ಕಂಪನಿ ಕೊಡುವ ಡ್ರೈವರ್ ತೀರಾ ಹಳೆಯದು. ಶಾಲೆಯದು ಅದೇ ಆಗಿದ್ದರೆ ಅದರ ಜೊತೆ ಗುದ್ದಾಡಲು ಹೋಗಬೇಡಿ. ಪಿಡಿಎಫನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಲ್ಲಿನ ಕಂಪ್ಯೂಟರಿನಿಂದಲೇ ಪ್ರಿಂಟ್ ತೆಗೆಯಿರಿ.